ಹಲ್ಲಿನ ಬೇರು, ಬೇರಿನೊಳಗಿನ ದಾರಿ

(ಬಾನುಲಿ ಭಾಷಣ)

“ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಲ್ಲಿನ ಬೆಲೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಕಂಡದ್ದು, ಕವಿಗಳು ದಾಳಿಂಬೆಯ ಬೀಜಕ್ಕೂ ಮಲ್ಲಿಗೆಯ ಮೊಗ್ಗಿಗೂ ಹೋಲಿಸಿ ಕೊಂಡಾಡಿದ್ದು, ಒಸಡಿನಿಂದ ಹೊರಗೆ ಹೊಳೆಯುವ ಭಾಗವನ್ನು ಮಾತ್ರ. ಎಲುಬಿನೊಳಗೆ ಹುದುಗಿ ಕುಳಿತ ಬೇರನ್ನು ಯಾರೂ ಹಾಡಲಿಲ್ಲ. ಹಾಡುವುದಕ್ಕೆ ಅದು ಕಾಣಬೇಕಲ್ಲ! ಮಕ್ಕಳು ಮಾಡಿನ ಮೇಲಕ್ಕೆ ಎಸೆಯುವ ಹಾಲುಹಲ್ಲಿನಲ್ಲಂತೂ ಬೇರು ಉಳಿದೇ ಇರುವುದಿಲ್ಲ. ಕೆಳಗಿನಿಂದ ಹೊಸ ಹಲ್ಲು ಬರುವಷ್ಟರಲ್ಲಿ ಅದು ಕರಗಿಹೋಗಿರುತ್ತದೆ.

ಕೇಳುಗರೆ, ನಲವತ್ತು ವರ್ಷಕ್ಕೂ ಮಿಕ್ಕಿ ಹಲ್ಲಿನ ವೈದ್ಯನಾಗಿ ದುಡಿದು ಈಗ ವಿಶ್ರಾಂತನಾಗಿರುವ ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ಕಾಣದ ಭಾಗವನ್ನು ಕುರಿತು. ನಿಮ್ಮ ಬಾಯಲ್ಲಿ ಹಲ್ಲುಗಳೆಷ್ಟು ಎಂದು ಕೇಳಿದರೆ ಮೂವತ್ತೆರಡು ಎಂದೋ, ಬುದ್ಧಿಹಲ್ಲು ಬಾರದವರಾದರೆ ಇಪ್ಪತ್ತೆಂಟು ಎಂದೋ ಹೇಳುವಿರಿ. ಬೇರುಗಳೆಷ್ಟು ಎಂದು ಕೇಳಿದರೆ? ಆ ಬೇರುಗಳೊಳಗೆ ಹರಿಯುವ ನಾಳಗಳೆಷ್ಟು ಎಂದು ಕೇಳಿದರೆ? ಈ ಪ್ರಶ್ನೆಗೆ ನೋಡದೆ ಉತ್ತರ ಹೇಳಲು ಹಲ್ಲಿನ ವೈದ್ಯನಿಂದಲೂ ಸಾಧ್ಯವಿಲ್ಲ. ಸಾಧ್ಯವೆಂದು ತಿಳಿದ ಒಬ್ಬ ಎಳೆಯ ವೈದ್ಯನಿಂದ ಏನಾಯಿತೆಂಬುದನ್ನು ಸ್ವಲ್ಪ ಹೊತ್ತಿನಲ್ಲಿಯೇ ಹೇಳುತ್ತೇನೆ.

ಮೊದಲು ಹಲ್ಲಿನ ರಚನೆಯನ್ನು ತಿಳಿದುಕೊಳ್ಳೋಣ. ಬಾಯಲ್ಲಿ ಕಾಣುವ ಭಾಗಕ್ಕೆ ಕಿರೀಟವೆಂದು ಹೆಸರು. ಅದರ ಹೊದಿಕೆ ಎನಾಮಲ್, ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಅದರೊಳಗೆ ಡೆಂಟೀನ್ ಎಂಬ, ಎಲುಬನ್ನು ಹೋಲುವ ಪದಾರ್ಥ. ಅದಕ್ಕೂ ಒಳಗೆ ಮೃದುವಾದ ತಿರುಳು. ನೋವನ್ನು ತಿಳಿಸುವ ನರಗಳೂ ರಕ್ತನಾಳಗಳೂ ಇರುವುದು ಈ ತಿರುಳಿನಲ್ಲಿ. ಕಿರೀಟದ ನಡುವೆ ತಿರುಳಿಗೆ ಒಂದು ಕೋಣೆಯಿದೆ. ಆ ಕೋಣೆಯ ನೆಲದಿಂದ ಸಣ್ಣ ಸಣ್ಣ ದಾರಿಗಳು ಹೊರಟು, ಬೇರಿನ ಉದ್ದಕ್ಕೂ ಇಳಿದು, ಬೇರಿನ ತುದಿಯ ರಂಧ್ರದ ಮೂಲಕ ಎಲುಬನ್ನು ಸೇರುತ್ತವೆ. ಇವೇ ಬೇರುನಾಳಗಳು. ಹುಳುಕು ತಿರುಳನ್ನು ಮುಟ್ಟಿದಾಗ ವೈದ್ಯರು ಮಾಡುವ ‘ರೂಟ್ ಕೆನಾಲ್’ ಎಂಬ ಚಿಕಿತ್ಸೆಗೆ ಹೆಸರು ಬಂದದ್ದು ಈ ನಾಳಗಳಿಂದಲೇ. ಕೆಟ್ಟ ತಿರುಳನ್ನು ತೆಗೆದು, ನಾಳಗಳನ್ನು ತೊಳೆದು, ತುದಿಯವರೆಗೆ ತುಂಬಿ ಮುಚ್ಚುವುದಷ್ಟೇ ಆ ಚಿಕಿತ್ಸೆಯ ಸಾರ. ಕೇಳಲು ಸುಲಭ. ಆದರೆ ನಾಳದ ತುದಿಗೆ ಮೊದಲು ಇಳಿಸುವ ಹತ್ತನೆಯ ನಂಬರಿನ ಅರದ ಮೊನೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದೂ ಹಿಡಿಯದಷ್ಟು ಕಿರಿದಾದ ನಾಳಗಳಿವೆ.

ನಾವು ವಿದ್ಯಾರ್ಥಿಗಳಾಗಿದ್ದಾಗ ಬಾಯಿಪಾಠ ಮಾಡಿದ ಲೆಕ್ಕ ಹೀಗಿತ್ತು: ಮುಂದಿನ ಬಾಚಿಹಲ್ಲಿಗೂ ಕೋರೆಹಲ್ಲಿಗೂ ಒಂದು ಬೇರು, ಒಂದು ನಾಳ. ಮೇಲಿನ ಮೊದಲನೆಯ ಮುಂದವಡೆ ಹಲ್ಲಿಗೆ ಎರಡು ಬೇರು, ಎರಡು ನಾಳ. ಕೆಳಗಿನ ದವಡೆಹಲ್ಲಿಗೆ ಎರಡು ಬೇರು, ಮೂರು ನಾಳ. ಮೇಲಿನ ದವಡೆಹಲ್ಲಿಗೆ ಕೆನ್ನೆಯ ಕಡೆ ಎರಡು, ಅಂಗುಳಿನ ಕಡೆ ಒಂದು, ಒಟ್ಟು ಮೂರು ಬೇರು, ಮೂರು ನಾಳ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಪೂರ್ಣ ಅಂಕ ಸಿಗುತ್ತಿತ್ತು. ಪುಸ್ತಕದಲ್ಲಿ ಇದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕೆಲವು ಸಾಲುಗಳಿದ್ದವು. ವ್ಯತ್ಯಾಸಗಳುಂಟು ಎಂದು ಅವು ಹೇಳುತ್ತಿದ್ದವು. ಸಣ್ಣ ಅಕ್ಷರದ್ದು ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಪುಟ ತಿರುವಿದೆವು.

1981ರಲ್ಲಿ ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಕುರ್ಚಿ ಹಾಕಿದ್ದೆ. ಎರಡು ಗಂಟೆ ಬಸ್ಸಿನಲ್ಲಿ ಪ್ರಯಾಣ ಮಾಡಿ ಒಬ್ಬ ಶಾಲಾ ಉಪಾಧ್ಯಾಯಿನಿ ಬಂದರು. ಮೇಲಿನ ಎಡಗಡೆಯ ಮೊದಲನೆಯ ದವಡೆಹಲ್ಲು ಹುಳುಕಾಗಿತ್ತು. ಕೀಳಿಸಿಕೊಳ್ಳುವುದು ಬೇಡ, ಉಳಿಸಿಕೊಡಿ ಎಂದರು. ಮೂರು ಸಲ ಕರೆಸಿ, ಮೂರು ನಾಳಗಳನ್ನು ಶುದ್ಧಮಾಡಿ ತುಂಬಿದೆ. ಕ್ಷ-ಕಿರಣದ ಚಿತ್ರದಲ್ಲಿ ಮೂರೂ ಬೆಳ್ಳಗೆ, ತುದಿಯವರೆಗೆ ನೆಟ್ಟಗೆ ಕಂಡವು. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆಯಾಯಿತು.

ಹದಿನೈದು ದಿನಗಳಲ್ಲಿ ಆಕೆ ಮರಳಿ ಬಂದರು. “ಬಿಸಿ ಕಾಫಿ ತಾಗಿದರೆ ಇನ್ನೂ ಪ್ರಾಣ ಹೋದ ಹಾಗಾಗುತ್ತದೆ, ಡಾಕ್ಟರೇ” ಎಂದರು. ನಾನು ನಕ್ಕೆ. ನರವನ್ನೇ ತೆಗೆದ ಹಲ್ಲಿಗೆ ಬಿಸಿ ತಿಳಿಯುವುದು ಹೇಗೆ? ಪಕ್ಕದ ಹಲ್ಲಿರಬೇಕೆಂದು ಅದನ್ನು ತಟ್ಟಿ ನೋಡಿದೆ, ಮಾತ್ರೆ ಬರೆದುಕೊಟ್ಟೆ. ಮತ್ತೆ ಬಂದರು. ಮತ್ತೆ ಮಾತ್ರೆ. ಮೂರನೆಯ ಸಲ ಅವರ ಯಜಮಾನರೂ ಜೊತೆಯಲ್ಲಿದ್ದರು. “ಇವಳಿಗೆ ಹೀಗೇ, ಸಣ್ಣದನ್ನು ದೊಡ್ಡದು ಮಾಡುವ ಅಭ್ಯಾಸ” ಎಂದು ಅವರು ನನ್ನ ಕಡೆ ನೋಡಿದರು. ನಾನು ಇಲ್ಲವೆನ್ನಲಿಲ್ಲ. “ಟೀಚರೇ, ಚಿತ್ರ ಇಲ್ಲೇ ಇದೆ, ಹಲ್ಲಿನಲ್ಲಿ ಏನೂ ಉಳಿದಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಿತ್ತುಬಿಡಿ” ಎಂದರು. ಕಿತ್ತೆ. ಮಾರನೆಯ ದಿನದಿಂದ ನೋವಿಲ್ಲವೆಂದು ಒಂದು ಕಾರ್ಡು ಬರೆದರು.

ಕಿತ್ತ ಹಲ್ಲನ್ನು ನಾನು ಸೀಸೆಯಲ್ಲಿ ಹಾಕಿಟ್ಟಿದ್ದೆ. ಆ ಕಾರ್ಡು ಬಂದ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಸೀಸೆಯಿಂದ ಹಲ್ಲನ್ನು ತೆಗೆದು, ಕೆನ್ನೆಯ ಕಡೆಯ ಮುಂದಿನ ಬೇರನ್ನು ಕಲ್ಲಿನ ಮೇಲೆ ಅಡ್ಡಲಾಗಿ ತೇಯುತ್ತ ಹೋದೆ. ಆ ಬೇರು ಗುಂಡಗಿರುವುದಿಲ್ಲ. ಒಂದು ದಿಕ್ಕಿನಲ್ಲಿ ಅಗಲವಾಗಿ, ಇನ್ನೊಂದು ದಿಕ್ಕಿನಲ್ಲಿ ಚಪ್ಪಟೆಯಾಗಿರುತ್ತದೆ. ತೇದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕೆನ್ನೆಯ ಬದಿಗೆ ಒಂದು ಗುಲಾಬಿ ಚುಕ್ಕೆ ಕಾಣಿಸಿತು. ಅದು ನಾನು ತುಂಬಿದ ಗಟಾಪರ್ಚದ ಬಣ್ಣ. ಅದರಿಂದ ಎರಡು ಮಿಲಿಮೀಟರಿನಷ್ಟು ದೂರದಲ್ಲಿ, ಅಂಗುಳಿನ ಬದಿಗೆ, ಇನ್ನೊಂದು ಚುಕ್ಕೆ. ಅದು ಕಪ್ಪಾಗಿತ್ತು. ನಾನು ಮುಟ್ಟಿಯೇ ಇರಲಿಲ್ಲ. ತಿರುಳು ಅದರಲ್ಲಿ ಹಾಗೆಯೇ ಉಳಿದಿತ್ತು. ಕಾಫಿಯ ಬಿಸಿಯನ್ನು ಅರಿಯುತ್ತಿದ್ದುದು ಅದು. ಆಕೆ ಹೇಳಿದ ಪ್ರತಿಯೊಂದು ಮಾತೂ ನಿಜವಾಗಿತ್ತು.

ಆ ನಾಲ್ಕನೆಯ ನಾಳ ನನಗೆ ಹೊಸದಾಗಿದ್ದರೂ ಲೋಕಕ್ಕೆ ಹೊಸದಾಗಿರಲಿಲ್ಲ ಎಂಬುದನ್ನು ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಕಲಿತೆ. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ವಾಲ್ಟರ್ ಹೆಸ್ ಎಂಬ ವಿದ್ವಾಂಸರು ಸುಮಾರು 2,800 ಹಲ್ಲುಗಳನ್ನು ಪರಿಶೀಲಿಸಿದ್ದರು. ಅವರ ವಿಧಾನ ಸೊಗಸಾದುದು. ಆ ಕಾಲದಲ್ಲಿ ಕಟ್ಟುಹಲ್ಲಿನ ಫಲಕ ಮಾಡಲು ಬಳಸುತ್ತಿದ್ದ ರಬ್ಬರನ್ನು ಮೆತ್ತಗಿರುವಾಗ ಹಲ್ಲಿನ ನಾಳಗಳೊಳಗೆ ಒತ್ತಿ ತುಂಬುವುದು, ಕಾಯಿಸಿ ಗಟ್ಟಿಮಾಡುವುದು, ಅನಂತರ ಹಲ್ಲನ್ನು ಆಮ್ಲದಲ್ಲಿ ಕರಗಿಸಿಬಿಡುವುದು. ಹಲ್ಲು ಹೋಗಿ, ಅದರೊಳಗಿದ್ದ ಟೊಳ್ಳು ರಬ್ಬರಿನ ರೂಪದಲ್ಲಿ ಕೈಗೆ ಬರುತ್ತದೆ. ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ನಮ್ಮ ಶಿಲ್ಪಿಗಳಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಹೀಗೆ ಹೊರಬಂದ ಆಕೃತಿಗಳು ನೆಟ್ಟಗಿನ ಕೊಳವೆಗಳಾಗಿರಲಿಲ್ಲ. ಕವಲೊಡೆದು, ಮತ್ತೆ ಕೂಡಿ, ಬಲೆಯಂತೆ ಹೆಣೆದುಕೊಂಡು, ಕೆಲವೆಡೆ ಹಾಳೆಯಂತೆ ಹರಡಿಕೊಂಡಿದ್ದವು. ಇಂಗ್ಲಿಷಿನಲ್ಲಿ ಅವರ ಗ್ರಂಥ 1925ರಲ್ಲಿ ಪ್ರಕಟವಾದಾಗ ಆ ಚಿತ್ರಗಳನ್ನು ಕಂಡ ವೈದ್ಯರು ಬೆಚ್ಚಿಬಿದ್ದರಂತೆ. ಮೇಲಿನ ದವಡೆಹಲ್ಲುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ನಾಲ್ಕು ನಾಳಗಳಿವೆಯೆಂದು ಹೆಸ್ ಆಗಲೇ ತೋರಿಸಿದ್ದರು.

1969ರಲ್ಲಿ ಅಮೆರಿಕದ ಫ್ರಾಂಕ್ಲಿನ್ ವೈನ್ ಮತ್ತು ಸಂಗಡಿಗರು 208 ಹಲ್ಲುಗಳಲ್ಲಿ ಇದೇ ಬೇರನ್ನು ಸೀಳಿ ನೋಡಿ, ಅರ್ಧಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಎರಡು ನಾಳಗಳನ್ನು ಕಂಡರು. ಚಿಕಿತ್ಸೆ ಏಕೆ ವಿಫಲವಾಗುತ್ತದೆಂಬುದಕ್ಕೆ ಇದೊಂದು ಕಾರಣವೆಂದು ಸ್ಪಷ್ಟವಾಗಿ ಬರೆದರು. ನಾನು ಆ ಹಲ್ಲನ್ನು ಕಿತ್ತದ್ದು ಅದಾದ ಹನ್ನೆರಡು ವರ್ಷಗಳ ಮೇಲೆ. 1984ರಲ್ಲಿ ಫ್ರಾಂಕ್ ವರ್ಟುಚಿ ಎಂಬುವರು 2,400 ಹಲ್ಲುಗಳ ಸುಣ್ಣದ ಅಂಶವನ್ನು ಕರಗಿಸಿ, ಅವುಗಳನ್ನು ಗಾಜಿನಂತೆ ಪಾರದರ್ಶಕವಾಗಿ ಮಾಡಿ, ನಾಳಗಳಲ್ಲಿ ಬಣ್ಣ ತುಂಬಿ ಪರಿಶೀಲಿಸಿದರು. ಒಂದೇ ಬೇರಿನಲ್ಲಿ ನಾಳ ಹೇಗೆಲ್ಲ ಸಾಗಬಹುದೆಂಬುದನ್ನು ಅವರು ಎಂಟು ಬಗೆಯಾಗಿ ವಿಂಗಡಿಸಿದರು. ಒಂದಾಗಿ ಹೊರಟು ಒಂದಾಗಿಯೇ ಮುಗಿಯುವುದು, ಎರಡಾಗಿ ಹೊರಟು ನಡುವೆ ಕೂಡಿಕೊಳ್ಳುವುದು, ಒಂದಾಗಿ ಹೊರಟು ತುದಿಯ ಬಳಿ ಒಡೆಯುವುದು, ಒಡೆದು ಕೂಡಿ ಮತ್ತೆ ಒಡೆಯುವುದು—ಹೀಗೆ. 1990ರಲ್ಲಿ ಕುಲಿಲ್ಡ್ ಮತ್ತು ಪೀಟರ್ಸ್ ಎಂಬುವರು 83 ಮೇಲಿನ ದವಡೆಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಬೇರಿನ ಎರಡನೆಯ ನಾಳ ಶೇಕಡ 95ರಷ್ಟು ಹಲ್ಲುಗಳಲ್ಲಿ ಕಂಡಿತು. ಹಲ್ಲು ಬದಲಾಗಲಿಲ್ಲ, ನೋಡುವ ಕಣ್ಣು ಹರಿತವಾಯಿತು. ನಾವು ಅಪವಾದವೆಂದು ಕರೆದದ್ದೇ ನಿಯಮವಾಗಿತ್ತು.

ಮೇಲಿನ ದವಡೆಹಲ್ಲೊಂದರ ಕಥೆಯಲ್ಲ ಇದು. ಒಂದೇ ನಾಳವೆಂದು ನಾವು ಕಲಿತ ಕೆಳಗಿನ ಬಾಚಿಹಲ್ಲುಗಳಲ್ಲಿ ಹಲವಕ್ಕೆ ಎರಡು ನಾಳಗಳಿರುತ್ತವೆ; ಅವು ಬಹುಮಟ್ಟಿಗೆ ತುದಿಗೆ ಮುಂಚೆಯೇ ಕೂಡಿಕೊಳ್ಳುವುದರಿಂದ ತಪ್ಪು ಬಯಲಾಗುವುದು ಕಡಿಮೆ. ಕೆಳಗಿನ ಮೊದಲನೆಯ ಮುಂದವಡೆ ಹಲ್ಲು ಹೊರಗಿನಿಂದ ನೋಡಿದರೆ ಬಲು ಸಾಧು. ಒಂದೇ ಬೇರು, ಮೇಲೆ ಒಂದೇ ಬಾಯಿ. ಆದರೆ ಅರ್ಧ ದಾರಿ ಇಳಿದ ಮೇಲೆ ನಾಳ ಕವಲೊಡೆಯುವುದುಂಟು. ಒಂದು ಕವಲು ನೇರವಾಗಿ ಇಳಿದರೆ ಇನ್ನೊಂದು ನಾಲಿಗೆಯ ಕಡೆಗೆ ಥಟ್ಟನೆ ತಿರುಗುತ್ತದೆ. ಅನುಭವಿ ವೈದ್ಯರು ಅಂಜುವ ಹಲ್ಲು ಇದು.

ಇಷ್ಟೊಂದು ವೈವಿಧ್ಯ ಏಕೆ? ಉತ್ತರ ಬೇರು ಬೆಳೆಯುವ ಬಗೆಯಲ್ಲಿದೆ. ಹಲ್ಲಿನ ಕಿರೀಟ ಮೊದಲು ಸಿದ್ಧವಾಗುತ್ತದೆ, ಬೇರು ಅನಂತರ. ಹಲ್ಲು ಬಾಯಲ್ಲಿ ಮೂಡಿದಾಗಲೂ ಬೇರು ಪೂರ್ತಿಯಾಗಿರುವುದಿಲ್ಲ. ಆರನೆಯ ವಯಸ್ಸಿನಲ್ಲಿ ಬರುವ ಮೊದಲನೆಯ ದವಡೆಹಲ್ಲಿನ ಬೇರಿನ ತುದಿ ಮುಚ್ಚಿಕೊಳ್ಳುವುದು ಒಂಬತ್ತು ಹತ್ತನೆಯ ವಯಸ್ಸಿಗೆ. ಕಿರೀಟದ ಅಂಚಿನಿಂದ ಜೀವಕೋಶಗಳ ಒಂದು ತೆಳ್ಳನೆಯ ಪರದೆ, ಅಂಗಿಯ ತೋಳಿನಂತೆ, ಕೆಳಕ್ಕೆ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವರ್ಣಿಸಿದ ಜರ್ಮನ್ ವಿಜ್ಞಾನಿ ಆಸ್ಕರ್ ಹರ್ಟ್‌ವಿಗ್‌ರ ಹೆಸರು ಅದಕ್ಕೆ ಉಳಿದಿದೆ. ಪರದೆಯ ಅಂಚಿನಿಂದ ನಾಲಿಗೆಯಂತಹ ಚಾಚುಗಳು ಒಳಕ್ಕೆ ಬೆಳೆದು, ನಡುವೆ ಒಂದನ್ನೊಂದು ಸಂಧಿಸಿ ಬೆಸೆದುಕೊಂಡರೆ, ಒಂದು ಬಾಯಿ ಎರಡೋ ಮೂರೋ ಆಗುತ್ತದೆ. ಅಷ್ಟು ಬೇರುಗಳು ಬೆಳೆಯುತ್ತವೆ. ಚಾಚುಗಳು ಬೇಗ ಬೆಸೆದರೆ ಕೋಣೆ ಗಿಡ್ಡ, ಬೇರು ಉದ್ದ. ತಡವಾಗಿ ಬೆಸೆದರೆ ಕೋಣೆ ಆಳ, ಬೇರು ಗಿಡ್ಡ. ಒಂದು ಬದಿಯಲ್ಲಿ ಬೆಸೆಯದೆಯೇ ಉಳಿದರೆ ಬೇರುಗಳು ಅಂಟಿಕೊಂಡು, ನಾಳ ಕುದುರೆಯ ಲಾಳದಂತೆ ಬಾಗಿದ ಒಂದೇ ಸೀಳಾಗುತ್ತದೆ. ಕೆಳಗಿನ ಎರಡನೆಯ ದವಡೆಹಲ್ಲಿನಲ್ಲಿ ಇದು ಹೆಚ್ಚು. ವೈದ್ಯಪತ್ರಿಕೆಯಲ್ಲಿ ಕುಕ್ ಮತ್ತು ಕಾಕ್ಸ್ ಇದನ್ನು ವಿವರಿಸಿದ್ದು 1979ರಲ್ಲಿ. ಬೇರು ಮುಗಿದ ಮೇಲೂ ಕೆಲಸ ನಿಲ್ಲುವುದಿಲ್ಲ. ವರ್ಷ ಕಳೆದಂತೆ ನಾಳದ ಗೋಡೆಗೆ ಹೊಸ ಡೆಂಟೀನ್ ಸೇರುತ್ತ, ಅಗಲವಾಗಿದ್ದ ನಾಳ ಕಿರಿದಾಗುತ್ತದೆ. ಒಂದೇ ಹಲ್ಲು ಇಪ್ಪತ್ತರಲ್ಲಿ ಒಂದು ಬಗೆ, ಅರವತ್ತರಲ್ಲಿ ಇನ್ನೊಂದು ಬಗೆ.

ಈ ವ್ಯತ್ಯಾಸಗಳು ಜನಸಮುದಾಯದಿಂದ ಜನಸಮುದಾಯಕ್ಕೂ ಬದಲಾಗುತ್ತವೆ. ಕೆಳಗಿನ ಮೊದಲನೆಯ ದವಡೆಹಲ್ಲಿಗೆ ಎರಡು ಬೇರು ಎಂದೆನಲ್ಲ, ಕೆಲವರಲ್ಲಿ ನಾಲಿಗೆಯ ಕಡೆಗೆ ಮೂರನೆಯದೊಂದು ಪುಟ್ಟ ಬೇರು ಇರುತ್ತದೆ. ವಿಯೆನ್ನಾದ ಕರಾಬೆಲ್ಲಿ ಇದನ್ನು 1844ರಷ್ಟು ಹಿಂದೆಯೇ ಗುರುತಿಸಿದ್ದರು. ಯುರೋಪಿನವರಲ್ಲಿ ಇದು ನೂರಕ್ಕೆ ಐದಕ್ಕಿಂತ ಕಡಿಮೆ. ಪೂರ್ವ ಏಷ್ಯದಲ್ಲಿ, ಉತ್ತರ ಧ್ರುವದ ಸಮೀಪದ ಜನರಲ್ಲಿ ನೂರಕ್ಕೆ ಇಪ್ಪತ್ತನ್ನು ದಾಟುವುದುಂಟು. ಅಮೆರಿಕದ ಮಾನವಶಾಸ್ತ್ರಜ್ಞ ಕ್ರಿಸ್ಟಿ ಟರ್ನರ್ 1971ರಲ್ಲಿ ಇದೇ ಬೇರನ್ನು ಸಾಕ್ಷಿಯಾಗಿ ಹಿಡಿದು, ಏಷ್ಯದಿಂದ ಅಮೆರಿಕಕ್ಕೆ ಜನ ವಲಸೆ ಹೋದುದು ಒಂದೇ ಸಲವಲ್ಲವೆಂದು ವಾದಿಸಿದರು. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಶಿಯಾಹೆ ಎಂಬಲ್ಲಿಯ ಗುಹೆಯಲ್ಲಿ 1980ರಲ್ಲಿ ಒಬ್ಬ ಬೌದ್ಧ ಭಿಕ್ಷುವಿಗೆ ಸಿಕ್ಕಿದ ಒಂದು ಅರ್ಧ ದವಡೆ, ಕನಿಷ್ಠ ಒಂದು ಲಕ್ಷದ ಅರವತ್ತು ಸಾವಿರ ವರ್ಷಗಳಷ್ಟು ಹಳೆಯದು, ಡೆನಿಸೋವನ್ ಎಂಬ ಅಳಿದ ಮಾನವಕುಲದ್ದು ಎಂದು 2019ರಲ್ಲಿ ಪ್ರಕಟವಾಯಿತು. ಅದರ ಒಂದು ಹಲ್ಲಿನಲ್ಲಿಯೂ ಮೂರು ಬೇರುಗಳಿದ್ದವು. ಏಷ್ಯದವರ ಮೂರನೆಯ ಬೇರು ಆ ಕುಲದಿಂದಲೇ ಬಂದ ಬಳುವಳಿಯೆಂದು ಕೆಲವರು, ಹಾಗೆನ್ನಲು ಆಧಾರ ಸಾಲದೆಂದು ಕೆಲವರು ವಾದಿಸಿದ್ದಾರೆ. ಕ್ರೊಯೇಷಿಯದ ಕ್ರಾಪಿನಾದಲ್ಲಿ ದೊರೆತ ನಿಯಾಂಡರ್ತಲ್ ಮಾನವರ ದವಡೆಹಲ್ಲುಗಳಲ್ಲಿ ತಿರುಳಿನ ಕೋಣೆ ಗೂಳಿಯ ಹಲ್ಲಿನಂತೆ ಆಳವಾಗಿತ್ತು. ಅದಕ್ಕೆ 1913ರಲ್ಲಿ ಆರ್ಥರ್ ಕೀತ್ ‘ಗೂಳಿಹಲ್ಲು’ ಎಂದೇ ಹೆಸರಿಟ್ಟರು. ಅಂತಹ ಹಲ್ಲು ಇಂದಿನವರಲ್ಲಿಯೂ ಅಪರೂಪಕ್ಕೆ ಕಾಣುತ್ತದೆ.

ಇದರಿಂದ ಒಂದು ಕುಲ ಮೇಲು, ಇನ್ನೊಂದು ಕೀಳು ಎಂದು ಯಾರೂ ತಿಳಿಯಬಾರದು. ಪ್ರತಿಯೊಂದು ಬಗೆಯೂ ಎಲ್ಲ ಕಡೆಯೂ ಇದೆ. ಪ್ರಮಾಣ ಮಾತ್ರ ಬೇರೆ. ಆದರೆ ವೈದ್ಯನಿಗೆ ಪಾಠವೊಂದಿದೆ. ಯುರೋಪು ಅಮೆರಿಕಗಳ ಬಾಯಿಗಳನ್ನು ನೋಡಿ ಬರೆದ ಪುಸ್ತಕವನ್ನು ಹಿಡಿದು ನಮ್ಮವರ ಹಲ್ಲಿಗೆ ಕೈಹಾಕಿದರೆ ಸಾಲದು. ಕಳೆದ ಕೆಲವು ದಶಕಗಳಲ್ಲಿ ಭಾರತದ ದಂತವೈದ್ಯ ಕಾಲೇಜುಗಳಲ್ಲಿಯೂ ಕಿತ್ತ ಹಲ್ಲುಗಳನ್ನು ಕೂಡಿಸಿ ಇಂತಹ ಅಧ್ಯಯನಗಳು ನಡೆದಿವೆ, ನಡೆಯುತ್ತಿವೆ. ಇದು ಅಗತ್ಯವಾದ ಕೆಲಸ.

ಹಾಗಾದರೆ ಕಾಣದ ನಾಳವನ್ನು ಕಾಣುವುದು ಹೇಗೆ? ಕ್ಷ-ಕಿರಣದ ಸಾಧಾರಣ ಚಿತ್ರ ಒಂದು ನೆರಳು ಮಾತ್ರ. ತೋಟದಲ್ಲಿ ಒಂದರ ಹಿಂದೆ ಒಂದು ನಿಂತ ಎರಡು ಅಡಕೆಮರಗಳು ಎದುರಿನಿಂದ ನೋಡಿದರೆ ಒಂದೇ ಎನಿಸುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಎರಡಾಗುತ್ತವೆ. ಹಾಗೆಯೇ ಯಂತ್ರವನ್ನು ಓರೆಮಾಡಿ ಇನ್ನೊಂದು ಚಿತ್ರ ತೆಗೆದರೆ ಮರೆಯಲ್ಲಿದ್ದುದು ಹೊರಬರುತ್ತದೆ. ಆ ಉಪಾಧ್ಯಾಯಿನಿಯ ಹಲ್ಲಿಗೆ ನಾನು ತೆಗೆದದ್ದು ಒಂದೇ ಚಿತ್ರ. ಎರಡನೆಯದಾಗಿ, ತಿರುಳಿನ ಕೋಣೆಯ ನೆಲವೇ ಒಂದು ನಕ್ಷೆ. 2004ರಲ್ಲಿ ಕ್ರಾಸ್ನರ್ ಮತ್ತು ರಾಂಕೋ ಎಂಬುವರು 500 ಹಲ್ಲುಗಳನ್ನು ನೋಡಿ ಬರೆದಂತೆ, ನೆಲದ ಬಣ್ಣ ಗೋಡೆಗಿಂತ ಯಾವಾಗಲೂ ಕಪ್ಪು. ನಾಳದ ಬಾಯಿಗಳಿರುವುದು ನೆಲವೂ ಗೋಡೆಯೂ ಕೂಡುವ ಅಂಚಿನಲ್ಲಿ, ಮೂಲೆಗಳಲ್ಲಿ. ಮೂರನೆಯದಾಗಿ, ಇಂದು ಸೂಕ್ಷ್ಮದರ್ಶಕವಿದೆ. ತೊಂಬತ್ತರ ದಶಕದ ಕೊನೆಗೆ ಬಂದ, ಹಲ್ಲನ್ನು ಪದರ ಪದರವಾಗಿ ತೋರಿಸುವ ಕೋನ್ ಬೀಮ್ ಸಿ.ಟಿ. ಇದೆ. ಕೊನೆಯದಕ್ಕೆ ಖರ್ಚೂ ಹೆಚ್ಚು, ಕಿರಣದ ಪ್ರಮಾಣವೂ ಹೆಚ್ಚು. ಸಂದೇಹವಿದ್ದಲ್ಲಿ ಮಾತ್ರ ಅದನ್ನು ಬಳಸುವುದು ವಿವೇಕ.

ನಾಳವೊಂದು ಉಳಿದರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ರೋಗಾಣುಗಳೇ ಇಲ್ಲದ ಪರಿಸರದಲ್ಲಿ ಸಾಕಿದ ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟರೂ ಅದು ಸಾಯಲಿಲ್ಲ. ಸಾಮಾನ್ಯ ಇಲಿಗಳಲ್ಲಿ ಸತ್ತು ಕೀವಾಯಿತು. ಕೆಡುಕಿನ ಮೂಲ ರೋಗಾಣು ಎಂದು ಸಿದ್ಧವಾಯಿತು. ಮುಟ್ಟದೆ ಬಿಟ್ಟ ನಾಳ ಆ ರೋಗಾಣುಗಳಿಗೆ ಬಾಗಿಲು ಹಾಕಿದ ಮನೆ. ಔಷಧ ಒಳಕ್ಕೆ ಹೋಗದು, ಕಾಯಿಲೆ ಹೊರಕ್ಕೆ ಬಾರದೆ ಇರದು.

ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ. ಬೇರುನಾಳದ ಚಿಕಿತ್ಸೆಯಾದ ಮೇಲೆ ನಾಲ್ಕಾರು ದಿನ ಕಚ್ಚಿದಾಗ ನೋವಾಗುವುದು ಸಹಜ, ಅದಕ್ಕೆ ಹೆದರಬೇಡಿ. ವಾರಗಳು ಕಳೆದರೂ ಬಿಸಿಗೆ ತಣ್ಣನೆಯದಕ್ಕೆ ನೋವು ಮರಳಿದರೆ, ಒಸಡಿನ ಮೇಲೆ ಗುಳ್ಳೆ ಬಂದರೆ, ವೈದ್ಯರಿಗೆ ಹೇಳಿ. ಅವರು ನಂಬದಿದ್ದರೆ ಇನ್ನೊಮ್ಮೆ ಹೇಳಿ. ಇನ್ನೊಂದು ನಾಳವಿರಬಹುದೇ ಎಂದು ಧೈರ್ಯವಾಗಿ ಕೇಳಿ. ಉಳಿದ ನಾಳವನ್ನು ಹುಡುಕಿ ಚಿಕಿತ್ಸೆಯನ್ನು ಮತ್ತೆ ಮಾಡಬಹುದು, ಹಲ್ಲನ್ನು ಕೀಳಲೇಬೇಕೆಂದಿಲ್ಲ.

ಆ ಉಪಾಧ್ಯಾಯಿನಿಗೆ ನಾನು ಪತ್ರ ಬರೆದೆ. ಕೆಲವು ವಾರಗಳ ಮೇಲೆ ಸಂತೆಗೆ ಬಂದಾಗ ನನ್ನಲ್ಲಿಗೂ ಬಂದರು. ತೇದ ಹಲ್ಲನ್ನು ಭೂತಗನ್ನಡಿಯ ಕೆಳಗಿಟ್ಟು ಗುಲಾಬಿ ಚುಕ್ಕೆಯನ್ನೂ ಕಪ್ಪು ಚುಕ್ಕೆಯನ್ನೂ ತೋರಿಸಿ, ತಪ್ಪು ನನ್ನದೆಂದು ಹೇಳಿದೆ. ಬಹಳ ಹೊತ್ತು ನೋಡಿದರು. ಆಮೇಲೆ, “ಇದನ್ನು ನನಗೆ ಕೊಡುತ್ತೀರಾ ಡಾಕ್ಟರೇ? ಮನೆಯಲ್ಲಿ ತೋರಿಸಬೇಕು” ಎಂದರು. ಕಾಗದದಲ್ಲಿ ಸುತ್ತಿ ಕೊಟ್ಟೆ. ಅಂದಿನಿಂದ, ನೋವಿದೆ ಎಂದವರಿಗೆ ಇಲ್ಲವೆಂದು ಹೇಳುವ ಮೊದಲು, ಇನ್ನೊಂದು ಸಲ ದೀಪ ಹಿಡಿದು ಆ ನೆಲವನ್ನು ನೋಡುವುದು ನನ್ನ ಅಭ್ಯಾಸವಾಯಿತು.